ಮೊಹರು ಬಿದ್ದ ಗಾಲಿಮನೆ

ಗಾಡಿಯ ಮೇಲೆ ಮನೆ ಕೂತಿದೆಯೋ, ಮನೆಗೇ ಗಾಲಿ ಬಂದಿದೆಯೋ ಎಂದು ಥಟ್ಟನೆ ತಿಳಿಯದಂಥ ಒಂದು ವಾಹನ ಅಮೆರಿಕದಲ್ಲಿದೆ. ಅದನ್ನು ಅವರು ಕ್ಯಾಂಪರ್ ಎನ್ನುತ್ತಾರೆ. ಒಳಗೆ ಮಂಚ, ಗ್ಯಾಸ್ ಒಲೆ, ಫ್ರಿಜ್, ಊಟದ ಮೇಜು, ಪುಟ್ಟದೊಂದು ಬಚ್ಚಲು ಎಲ್ಲವೂ ಉಂಟು. ಕೆಲವಕ್ಕೆ ತಮ್ಮದೇ ಎಂಜಿನ್ ಇರುತ್ತದೆ. ಇಲ್ಲದವನ್ನು ಪಿಕಪ್ ಟ್ರಕ್ಕಿಗೆ ಸಿಕ್ಕಿಸಿ ಎಳೆದುಕೊಂಡು ಹೋಗುತ್ತಾರೆ. ರಜೆ ಬಂತೆಂದರೆ ಸಂಸಾರ ಸಮೇತ ಕಾಡಿನ ಅಂಚಿಗೋ ಕೆರೆಯ ದಂಡೆಗೋ ಹೋಗಿ ನಾಲ್ಕು ದಿನ ಇದ್ದು ಬರುತ್ತಾರೆ. ಹಿಂದೆ ನಾವು ಜಾತ್ರೆಗೆ ಕಮಾನು ಗಾಡಿ ಕಟ್ಟಿಕೊಂಡು ಹೋಗಿ, ಗಾಡಿಯ ಪಕ್ಕದಲ್ಲೇ ಒಲೆ ಹೂಡಿ, ಗಾಡಿಯ ಕೆಳಗೇ ಮಲಗುತ್ತಿದ್ದೆವಲ್ಲ, ಅದರ ದೊಡ್ಡಣ್ಣ ಎಂದುಕೊಳ್ಳಿ.

ಎರಡು ವರ್ಷದ ಹಿಂದೆ ನಾನೂ ನನ್ನ ಹೆಂಡತಿಯೂ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮೊಮ್ಮಗನಿಗೆ ಆಗ ಹನ್ನೆರಡು ವರ್ಷ, ಮೊಮ್ಮಗಳಿಗೆ ಎಂಟು. ಅಜ್ಜಿ ತಾತ ಊರಿಗೆ ಹೊರಡುವ ಮೊದಲು ಆರೂ ಜನ ಒಟ್ಟಿಗೆ ಕಾಡಿಗೆ ಹೋಗಿ ಇರಬೇಕೆಂಬುದು ಮಕ್ಕಳ ಹಟ. ಡೇರೆ ಹಾಕಿ ನೆಲದಲ್ಲಿ ಮಲಗೋಣವೆಂದರೆ ನನ್ನ ಹೆಂಡತಿಯ ಮಂಡಿ ಒಪ್ಪುವುದಿಲ್ಲ. ಒಮ್ಮೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ನಮ್ಮ ವಯಸ್ಸಿನಲ್ಲಿ ಇನ್ನೊಮ್ಮೆ ಅಷ್ಟು ದೂರ ಹೋಗುತ್ತೇವೋ ಇಲ್ಲವೋ, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಇತ್ತು. ಹಳೆಯದೊಂದು ಕ್ಯಾಂಪರ್ ಕೊಳ್ಳುವುದೆಂದು ತೀರ್ಮಾನವಾಯಿತು. ಅಳಿಯಂದಿರು ಅದಕ್ಕೆಂದು ಕೂಡಿಟ್ಟಿದ್ದು ಒಂಬತ್ತು ಸಾವಿರ ಡಾಲರ್. ಅದಕ್ಕಿಂತ ಒಂದು ಡಾಲರ್ ಹೆಚ್ಚಾದರೂ ಮಗಳು ಒಪ್ಪುವಂತಿರಲಿಲ್ಲ.

ಮಾರಾಟಕ್ಕಿದ್ದವುಗಳ ಪೈಕಿ ಎರಡು ನಮ್ಮ ಕೈಗೆಟುಕುವಂತಿದ್ದವು. ಮೊದಲನೆಯದರ ಬೆಲೆ 8,500 ಡಾಲರ್. ಅದರ ಕಾಗದಪತ್ರ ಶುದ್ಧವಾಗಿದೆ, ಕ್ಲೀನ್ ಟೈಟಲ್ ಎಂದು ಮಾರುವವರ ಭರವಸೆ. ಎರಡನೆಯದಕ್ಕೆ 5,500. ಅದರ ಜೊತೆಗೆ ಎರಡು ಮಾತು ಸೇರಿತ್ತು: ಸಾಲ್ವೇಜ್ ಟೈಟಲ್. ಅಳಿಯಂದಿರು ಅದನ್ನು ಓದಿ ಫೋನನ್ನು ಬದಿಗಿಟ್ಟರು. "ಅದು ಬೇಡ ಮಾವ. ಸಾಲ್ವೇಜ್ ಅಂದರೆ ಆ ಕಡೆ ತಲೆ ಹಾಕಿಯೂ ಮಲಗಬಾರದು ಅಂತಾರೆ" ಎಂದರು.

ಬ್ಯಾಂಕಿನ ಸಾಲ ವಿಭಾಗದಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು ನಾನು. ಪತ್ರ ಅಂದರೆ ಸಾಕು, ಕೈ ತಾನಾಗಿ ಕನ್ನಡಕದ ಕಡೆ ಹೋಗುತ್ತದೆ. ಈ ಸಾಲ್ವೇಜ್ ಟೈಟಲ್ ಏನೆಂದು ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿಳಿಯಲು ಹೊರಟೆ.

ಸಾಲ್ವೇಜ್ ಎಂಬುದು ಹುಟ್ಟಿದ್ದು ಕಡಲಿನಲ್ಲಿ. ಮುಳುಗುವ ಹಡಗನ್ನೋ ಅದರ ಸರಕನ್ನೋ ಉಳಿಸಿ ತಂದವರಿಗೆ ಕೊಡುವ ಪ್ರತಿಫಲಕ್ಕೆ ಆ ಹೆಸರಿತ್ತು. ಆಮೇಲೆ ಅದು ನೆಲದ ವಾಹನಕ್ಕೂ ಬಂತು. ಒಂದು ವಾಹನಕ್ಕೆ ಅಪಘಾತವೋ ಆಲಿಕಲ್ಲಿನ ಪೆಟ್ಟೋ ಪ್ರವಾಹವೋ ಬಡಿದು, ರಿಪೇರಿ ಮಾಡಿಸುವುದು ಲಾಭವಿಲ್ಲ ಎಂದು ವಿಮಾ ಕಂಪನಿ ತೀರ್ಮಾನಿಸಿದರೆ, ಅದು ಮಾಲೀಕನಿಗೆ ಹಣ ಕೊಟ್ಟು ಲೆಕ್ಕ ಚುಕ್ತಾ ಮಾಡುತ್ತದೆ. ಆಗ ವಾಹನದ ಒಡೆತನದ ಪತ್ರದ ಮೇಲೆ ಸಾಲ್ವೇಜ್ ಎಂಬ ಮೊಹರು ಬೀಳುತ್ತದೆ. ಎಷ್ಟು ಹಾನಿಯಾದರೆ ಮೊಹರು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕಿನಲ್ಲಿ ರಿಪೇರಿಯ ಖರ್ಚು ವಾಹನದ ಬೆಲೆಯ ಶೇ 75 ಮುಟ್ಟಿದರೆ ಸಾಕು. ಟೆಕ್ಸಾಸಿನಲ್ಲಿ ಶೇ 100. ಒಹಾಯೊದಲ್ಲಿ ಇಂತಿಷ್ಟೇ ಎಂಬ ಗೆರೆ ಇಲ್ಲ, ವಿಮಾ ಕಂಪನಿಯ ಲೆಕ್ಕಾಚಾರವೇ ಗೆರೆ. ನಮ್ಮ ದೇಶದಲ್ಲೂ ವಿಮೆಯಲ್ಲಿ ಬರೆದ ಮೌಲ್ಯದ ಶೇ 75ಕ್ಕಿಂತ ರಿಪೇರಿ ಖರ್ಚು ಹೆಚ್ಚಾದರೆ ಅದನ್ನು ಪೂರ್ಣ ನಷ್ಟವೆಂದೇ ಎಣಿಸುತ್ತಾರೆ.

ಇದನ್ನು ಓದಿದ ಮೇಲೆ ನನಗೆ ಒಂದು ಹೊಳೆಯಿತು. ಗಾಡಿಗೆ ಪೆಟ್ಟು ಬಿದ್ದಿದೆ ಎಂಬುದಷ್ಟೇ ಮೊಹರಿನ ಅರ್ಥ. ಪೆಟ್ಟು ಎಲ್ಲಿಗೆ, ಎಷ್ಟು, ಸರಿ ಹೋಗುತ್ತದೆಯೋ ಇಲ್ಲವೋ ಎಂಬುದನ್ನು ಮೊಹರು ಹೇಳುವುದಿಲ್ಲ. ಹಾಗೆಯೇ ಮೊಹರು ಇಲ್ಲದ ಮಾತ್ರಕ್ಕೆ ಪೆಟ್ಟು ಬಿದ್ದಿಲ್ಲ ಎಂದೂ ಅಲ್ಲ. ಎರಡನ್ನೂ ನೋಡಿಯೇ ಬಿಡೋಣ ಎಂದೆ.

ಮೊದಲು ಶುದ್ಧ ಪತ್ರದ ಗಾಡಿಗೆ ಹೋದೆವು. ಹೊರಗೆ ಫಳಫಳ ಹೊಳೆಯುತ್ತಿತ್ತು. ಒಳಗೆ ಹೊಸ ಬಣ್ಣ, ಹೊಸ ನೆಲಹಾಸು, ಮೂಲೆಮೂಲೆಗೂ ಸುಗಂಧದ ಡಬ್ಬಿ. ಮೊಮ್ಮಗಳು ಆಗಲೇ ಮೇಲಿನ ಮಂಚ ಹತ್ತಿ ಅದು ತನ್ನದೆಂದು ಘೋಷಿಸಿದ್ದಳು. ನನ್ನ ಹೆಂಡತಿ ಮಾತ್ರ ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು. "ಮಳೆಗಾಲದಲ್ಲಿ ಮುಚ್ಚಿಟ್ಟ ಟ್ರಂಕಿನ ವಾಸನೆ ಬರ್ತಿದೆ ಕಣ್ರೀ" ಎಂದಳು. ಮಂಚದ ಕೆಳಗಿನ ಖಾನೆ ತೆರೆದು ಕೈಯಾಡಿಸಿದಾಗ ಬೆರಳಿಗೆ ಕಪ್ಪು ಹತ್ತಿತು. ಬೂಷ್ಟು. ಅಷ್ಟರಲ್ಲಿ ಮೊಮ್ಮಗಳಿಗೆ ಕೆಮ್ಮು ಶುರುವಾಯಿತು. ಅವಳಿಗೆ ಸಣ್ಣಂದಿನಿಂದ ಉಬ್ಬಸ. ಬೂಷ್ಟು ಹಿಡಿದ ಜಾಗ ಅಂಥ ಮಕ್ಕಳಿಗೆ ಆಗಿಬರುವುದಿಲ್ಲ. ಮಗಳು ಅವಳನ್ನು ಎತ್ತಿಕೊಂಡು ಹೊರಗೆ ನಡೆದಳು.

ಮೊಮ್ಮಗ ತನ್ನ ಕೆಲಸದಲ್ಲಿದ್ದ. ಅಲ್ಲಿನ ಪ್ರತಿ ವಾಹನಕ್ಕೂ 17 ಅಕ್ಷರ ಮತ್ತು ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಅದಕ್ಕೆ ವಿನ್ ಎಂದು ಹೆಸರು. ಸೊನ್ನೆಯೋ ಒಂದೋ ಎಂದು ಗೊಂದಲ ಆಗಬಾರದೆಂದು ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಮಕ್ಕಳೇ, ಇದರ 9ನೆಯ ಸ್ಥಾನದಲ್ಲಿರುವುದು ಕಾವಲುಗಾರ. ಪ್ರತಿ ಅಕ್ಷರಕ್ಕೂ ಒಂದು ಬೆಲೆ, ಪ್ರತಿ ಸ್ಥಾನಕ್ಕೂ ಒಂದು ತೂಕ ಗೊತ್ತುಮಾಡಿದ್ದಾರೆ. ಬೆಲೆಯನ್ನು ತೂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿ, 11ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆ 9ನೆಯ ಅಂಕಿ ಆಗಿರಬೇಕು. ಶೇಷ 10 ಬಂದರೆ ಅಲ್ಲಿ ಎಕ್ಸ್ ಅಕ್ಷರ. ಯಾರಾದರೂ ಒಂದು ಅಂಕಿ ತಿದ್ದಿದರೆ ಲೆಕ್ಕ ತಪ್ಪಿ ಕಳ್ಳತನ ಹೊರಬೀಳುತ್ತದೆ. ಮೊಮ್ಮಗ ಕಾಗದದ ಮೇಲೆ ಲೆಕ್ಕ ಹಾಕಿದ. ಸರಿಯಾಗಿಯೇ ಇತ್ತು. ಗಾಡಿಯ ಚೌಕಟ್ಟಿನ ಮೇಲಿನ ಸಂಖ್ಯೆಯೂ ಪತ್ರದ ಸಂಖ್ಯೆಯೂ ಒಂದೇ ಆಗಿದ್ದವು.

ಆದರೆ ಸಂಖ್ಯೆ ಸರಿ ಎಂದ ಮಾತ್ರಕ್ಕೆ ಚರಿತ್ರೆ ಸರಿ ಎಂದಾಗುವುದಿಲ್ಲ. 1992ರ ಕಾಯ್ದೆಯೊಂದರ ಮೂಲಕ ಅಮೆರಿಕದಲ್ಲಿ ರಾಷ್ಟ್ರಮಟ್ಟದ ವಾಹನ ದಾಖಲೆಯ ವ್ಯವಸ್ಥೆ ಬಂದಿದೆ. ಕೆಲವು ಡಾಲರ್ ಕೊಟ್ಟರೆ ಒಂದು ವಾಹನದ ಪತ್ರದ ಮೇಲೆ ಯಾವ ರಾಜ್ಯದಲ್ಲಿ ಯಾವ ಮೊಹರು ಬಿದ್ದಿತ್ತು ಎಂಬ ವರದಿ ಸಿಗುತ್ತದೆ. ಆಸ್ತಿ ಕೊಳ್ಳುವ ಮುಂಚೆ ನಾವು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸುವುದಿಲ್ಲವೇ, ಹಾಗೆ. ಆ ರಾತ್ರಿ ವರದಿ ತರಿಸಿದೆವು. ಎರಡು ವರ್ಷ ಹಿಂದೆ, ಸಮುದ್ರ ತೀರದ ಇನ್ನೊಂದು ರಾಜ್ಯದಲ್ಲಿ, ಅದೇ ಸಂಖ್ಯೆಯ ಎದುರು 'ಪ್ರವಾಹ' ಎಂಬ ನಮೂದಿತ್ತು.

ಚಂಡಮಾರುತ ಬಂದು ಹೋದ ಕಡೆಯಲ್ಲೆಲ್ಲ ಇದು ನಡೆಯುತ್ತದಂತೆ. 2005ರಲ್ಲಿ ಕತ್ರಿನಾ, 2017ರಲ್ಲಿ ಹಾರ್ವೆ ಚಂಡಮಾರುತಗಳು ಬಡಿದಾಗ ಲಕ್ಷಾಂತರ ವಾಹನಗಳು ನೀರಿನಲ್ಲಿ ನಿಂತವು. ಅಂಥವುಗಳಲ್ಲಿ ಕೆಲವನ್ನು ತೊಳೆದು, ಒಣಗಿಸಿ, ಬಣ್ಣ ಬಳಿದು, ನಿಯಮ ಸಡಿಲವಿರುವ ಬೇರೆ ರಾಜ್ಯಕ್ಕೆ ಒಯ್ದು ಹೊಸ ಪತ್ರ ಮಾಡಿಸುತ್ತಾರೆ. ಆ ಕೈ ಈ ಕೈ ಆಗುವಷ್ಟರಲ್ಲಿ ಮೊಹರು ಮಾಯ. ಇದಕ್ಕೆ ಅಲ್ಲಿನವರು ಇಟ್ಟ ಹೆಸರು ಟೈಟಲ್ ವಾಷಿಂಗ್, ಅಂದರೆ ಪತ್ರವನ್ನು ಒಗೆಯುವುದು! ನಾವು ನೋಡಿದ ಗಾಡಿಯನ್ನು ಮಾರುತ್ತಿದ್ದವರಿಗೆ ಇದು ಗೊತ್ತಿತ್ತೋ, ಅವರೂ ಮೋಸ ಹೋಗಿದ್ದರೋ, ದೇವರೇ ಬಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಮೊಮ್ಮಗನಿಗೆ ಅಂದು ಹೇಳಿಕೊಟ್ಟೆ.

ಮಾರನೆಯ ವಾರ ಮೊಹರು ಬಿದ್ದ ಗಾಡಿಯನ್ನು ನೋಡಲು ಹೋದೆವು. ಅಳಿಯಂದಿರು ಅರೆಮನಸ್ಸಿನಿಂದಲೇ ಬಂದರು. ಮಾರುವಾತ ನನ್ನ ವಯಸ್ಸಿನವರು, ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಕ್ಯಾಂಪರಿನ ಉದ್ದ 22 ಅಡಿ. ಹಿಂದಿನ ಎಡಮೂಲೆಯ ಮೇಲೆ ನೀಲಿ ಟಾರ್ಪಾಲು ಕಟ್ಟಿತ್ತು. ಬಿರುಗಾಳಿಗೆ ಮರದ ಕೊಂಬೆ ಮುರಿದು ಚಾವಣಿಯ ಆ ಮೂಲೆಯ ಮೇಲೆ ಬಿದ್ದಿತ್ತು. ವಿಮಾ ಕಂಪನಿ ಪೂರ್ಣ ನಷ್ಟವೆಂದು ಹಣ ಕೊಟ್ಟಿತು. ಇವರು ಗಾಡಿಯನ್ನು ತಾವೇ ಉಳಿಸಿಕೊಂಡರು. ರಿಪೇರಿ ಮಾಡಿ ಹೆಂಡತಿಯ ಜೊತೆ ಸುತ್ತಾಡಬೇಕೆಂದಿದ್ದರು. ಆಕೆ ತೀರಿಕೊಂಡ ಮೇಲೆ ಮನಸ್ಸು ಬರಲಿಲ್ಲವಂತೆ.

ನಾವು ಕೇಳುವ ಮೊದಲೇ ಅವರು ಒಂದು ದಪ್ಪ ಫೈಲು ತಂದು ಮೇಜಿನ ಮೇಲಿಟ್ಟರು. ಕೊಂಬೆ ಬಿದ್ದ ದಿನದ ಚಿತ್ರಗಳು, ವಿಮಾ ಕಂಪನಿಯ ಪತ್ರ, ಮೊಹರಿನ ಟೈಟಲ್, ಹಿಂದಿನ ಬೇರಿಂಗ್ ಬದಲಾಯಿಸಿದ ರಸೀದಿವರೆಗೆ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿದ್ದರು. ಆ ಫೈಲು ನೋಡಿ ನನ್ನ ಜೀವ ತಂಪಾಯಿತು! ಆಮೇಲೆ ಗಾಡಿಯೊಳಗೆ ಕರೆದುಕೊಂಡು ಹೋಗಿ, ನಾಲ್ಕು ಸ್ಕ್ರೂ ಬಿಚ್ಚಿ, ಹಿಂಬದಿಯ ಮಂಚದ ಪಕ್ಕದ ಹಲಗೆ ತೆಗೆದು ತೋರಿಸಿದರು. ಒಳಗಿನ ಪ್ಲೈವುಡ್ ಒಂದು ಮೊಳದಷ್ಟು ಕಪ್ಪಾಗಿ ಮೆತ್ತಗಾಗಿತ್ತು. "ಇದು ಹೊರಗಿನಿಂದ ನಿಮಗೆ ಕಾಣುತ್ತಿರಲಿಲ್ಲ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ" ಎಂದರು. ಅಳಿಯಂದಿರು ನನ್ನ ಮುಖ ನೋಡಿದರು.

ನಮ್ಮ ತಂದೆ ತುಮಕೂರಿನ ಬಳಿ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ನಾನು ಹುಡುಗನಾಗಿದ್ದಾಗ ನೋಡಿದ್ದೇನೆ. ಹಲ್ಲು ಎಣಿಸುವರು, ಸುಳಿ ನೋಡುವರು, ಗೊರಸು ಎತ್ತುವರು, ನಾಲ್ಕು ಹೆಜ್ಜೆ ನಡೆಸುವರು. ಎತ್ತಿಗಿಂತ ಹೆಚ್ಚಾಗಿ ಮಾರುವವನ ಮುಖ ನೋಡುವರು. ಆದರೆ ಮುಖ ನೋಡಿದ ಮೇಲೂ ಹಲ್ಲು ಎಣಿಸುವುದನ್ನು ಬಿಡುತ್ತಿರಲಿಲ್ಲ. ನಾವೂ ಬಿಡಲಿಲ್ಲ. ಕ್ಯಾಂಪರುಗಳನ್ನು ಪರೀಕ್ಷಿಸುವುದನ್ನೇ ವೃತ್ತಿ ಮಾಡಿಕೊಂಡವರು ಅಲ್ಲಿದ್ದಾರೆ. 400 ಡಾಲರ್ ಕೊಟ್ಟು ಒಬ್ಬರನ್ನು ಕರೆಸಿದೆವು.

ಆತ ನಾಲ್ಕು ಗಂಟೆ ಪರೀಕ್ಷೆ ಮಾಡಿದರು. ನಾನೂ ಮೊಮ್ಮಗನೂ ಬಾಲದಂತೆ ಹಿಂದೆ ಸುತ್ತಿದೆವು. ಕ್ಯಾಂಪರಿನ ಗೋಡೆ ನಮ್ಮ ಮನೆಯ ಗೋಡೆಯಂತಲ್ಲ. ಮರದ ಅಥವಾ ಅಲ್ಯೂಮಿನಿಯಂ ಚೌಕಟ್ಟು, ಅದಕ್ಕೆ ಅಂಟಿಸಿದ ತೆಳು ಪ್ಲೈವುಡ್, ಹೊರಗೊಂದು ಫೈಬರ್ ಹಾಳೆ. ಚಾವಣಿಯ ಮೇಲೆ ರಬ್ಬರಿನಂಥ ಹೊದಿಕೆ. ಎಲ್ಲಾದರೂ ಒಂದು ಸಂದಿಯಿಂದ ನೀರು ಇಳಿದರೆ ಅಂಟು ಬಿಟ್ಟು ಗೋಡೆ ಪೂರಿಯಂತೆ ಉಬ್ಬುತ್ತದೆ. ಆತ ಗೋಡೆಯನ್ನು ಅಂಗೈಯಿಂದ ಒತ್ತುತ್ತ, ತೇವ ಅಳೆಯುವ ಮೀಟರು ಇಡುತ್ತ ಹೋದರು. ಕೆಟ್ಟಿದ್ದು ಆ ಒಂದು ಮೂಲೆ ಮಾತ್ರ. ಗಾಡಿಯ ಕಬ್ಬಿಣದ ಚೌಕಟ್ಟು ಎಲ್ಲೂ ಬಾಗಿರಲಿಲ್ಲ. ಅದು ಬಾಗಿದ್ದರೆ ಗಾಡಿಯನ್ನು ಅಲ್ಲೇ ಬಿಟ್ಟು ಬರಬೇಕಿತ್ತು.

ಟೈರುಗಳು ಹೊಸದರಂತೆ ಕಂಡರೂ ಆತ ತಲೆಯಾಡಿಸಿದರು. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಲ್ಲಿ 2315 ಎಂದಿತ್ತು. 2015ನೆಯ ಇಸವಿಯ 23ನೆಯ ವಾರದಲ್ಲಿ ಹುಟ್ಟಿದ ಟೈರು. ನಿಂತಲ್ಲೇ ನಿಂತ ಗಾಡಿಯ ಟೈರು ಸವೆಯುವುದಿಲ್ಲ, ಆದರೆ ಮುಪ್ಪಾಗುತ್ತದೆ. ವೇಗದಲ್ಲಿ ಹೋಗುವಾಗ ಸಿಡಿಯಬಹುದು. ಮಕ್ಕಳೇ, ನಿಮ್ಮ ಮನೆಯ ಸ್ಕೂಟರಿನ ಟೈರಿನಲ್ಲೂ ಈ ನಾಲ್ಕು ಅಂಕಿ ಇರುತ್ತವೆ, ಹುಡುಕಿ ನೋಡಿ. ಗ್ಯಾಸ್ ಕೊಳವೆಯ ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡಿದರು. ವಾಸನೆ ಬಣ್ಣ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ತುಂಬಿದರೆ ಕೂಗಿ ಎಬ್ಬಿಸುವ ಯಂತ್ರವೊಂದು ಒಳಗಿತ್ತು. ಅದರ ಆಯುಷ್ಯ ಮುಗಿದಿತ್ತು. ಆರು ಜನ ಬಾಗಿಲು ಮುಚ್ಚಿ ಮಲಗುವ ಜಾಗದಲ್ಲಿ ಅದು ಸಣ್ಣ ವಿಷಯವಲ್ಲ.

ಎಲ್ಲ ಲೆಕ್ಕ ಹಾಕಿ ಅಳಿಯಂದಿರು 4,800 ಡಾಲರಿಗೆ ಕೇಳಿದರು. ಟವೆಲಿನ ಕೆಳಗೆ ಬೆರಳು ಹಿಡಿದು ನಡೆಸುವ ನಮ್ಮ ಜಾತ್ರೆಯ ವ್ಯಾಪಾರದ ಬದಲು, ಇಲ್ಲಿ ಪರೀಕ್ಷೆಯ ವರದಿಯನ್ನು ಮುಂದಿಟ್ಟರು. ಆ ಹಿರಿಯರು ಓದಿ ಒಪ್ಪಿದರು. ಒಹಾಯೊದಲ್ಲಿ ವಾಹನದ ಪತ್ರ ನೋಟರಿಯ ಎದುರು ಸಹಿಯಾಗಬೇಕು. ಹೊಸ ಪತ್ರ ಕೊಡುವುದು ಜಿಲ್ಲಾ ನ್ಯಾಯಾಲಯದ ಗುಮಾಸ್ತರ ಕಚೇರಿ. ಗುಮಾಸ್ತರಿಗೆ ಅಲ್ಲಿ ಇಷ್ಟು ಗೌರವವಿದೆಯಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಸಾಲ್ವೇಜ್ ಮೊಹರಿರುವ ಗಾಡಿಯನ್ನು ಹಾಗೇ ರಸ್ತೆಗಿಳಿಸುವಂತಿಲ್ಲ. ಅದು ಉದ್ದನೆಯ ಟ್ರಕ್ಕಿನ ಬೆನ್ನೇರಿ ನಮ್ಮ ಮನೆಗೆ ಬಂತು. "ಅಜ್ಜೀ, ನಮ್ಮ ಮನೆ ಉಪ್ಪುಮೂಟೆ ಆಡ್ತಾ ಬರ್ತಿದೆ" ಎಂದು ಮೊಮ್ಮಗಳು ಕುಣಿದಳು. ಮುಂದೆ ಎರಡು ತಿಂಗಳು ಶನಿವಾರ ಭಾನುವಾರಗಳೆಲ್ಲ ಅದಕ್ಕೇ ಮೀಸಲು. ಮರಗೆಲಸ ಬಲ್ಲ ನೆರೆಯವರೊಬ್ಬರ ಸಹಾಯದಿಂದ ಅಳಿಯಂದಿರು ಕೆಟ್ಟ ಮೂಲೆಯನ್ನು ಗಟ್ಟಿ ಮರ ಸಿಗುವ ತನಕ ಕತ್ತರಿಸಿ ತೆಗೆದರು. ಹೊಸ ಮರ, ಹೊಸ ಪ್ಲೈವುಡ್, ಹೊಸ ಹೊದಿಕೆ ಹಾಕಿದರು. ಪ್ರತಿ ಹಂತದ ಚಿತ್ರ ತೆಗೆಯುವುದು ಮೊಮ್ಮಗನ ಕೆಲಸ, ರಸೀದಿಗಳ ಲೆಕ್ಕ ನನ್ನದು.

ಆ ಲೆಕ್ಕ ಇಲ್ಲಿದೆ. ಗಾಡಿಗೆ 4,800 ಡಾಲರ್. ಪರೀಕ್ಷೆಗೆ 400. ಸಾಗಣೆಗೆ 250. ಮರ, ಪ್ಲೈವುಡ್, ಚಾವಣಿಯ ಸಾಮಾನು 1,340. ಹಳೆಯ ಸಾಮಾನಿನ ಅಂಗಡಿಯಿಂದ ತಂದ ಕಿಟಕಿ 180. ನಾಲ್ಕು ಟೈರು 460. ಬ್ರೇಕು ಬೇರಿಂಗ್ 390. ಗ್ಯಾಸಿನ ಬಿಡಿಭಾಗ, ಎಚ್ಚರಿಕೆಯ ಯಂತ್ರ 130. ತೆರಿಗೆ, ಶುಲ್ಕ ಎಲ್ಲ ಸೇರಿ 450. ಒಟ್ಟು 8,400. ಮಗಳ ಗೆರೆಯೊಳಗೆ 600 ಡಾಲರ್ ಉಳಿಯಿತು.

ಇದನ್ನು ಓದಿ ಮೊಹರು ಬಿದ್ದದ್ದೇ ಲಾಭ ಎಂದು ಯಾರೂ ತಿಳಿಯಬೇಡಿ. ಇಂಥ ಗಾಡಿಗೆ ಸಾಲ ಸಿಗುವುದು ಕಷ್ಟ. ನಾನು ಆ ಕುರ್ಚಿಯಲ್ಲಿ ಕೂತಿದ್ದರೆ ನಾನೂ ಹಿಂದೆಮುಂದೆ ನೋಡುತ್ತಿದ್ದೆ. ಗಾಡಿಯ ಹಾನಿಗೆ ವಿಮೆ ಕೊಡಲು ಎರಡು ಕಂಪನಿಗಳು ಒಲ್ಲೆ ಎಂದವು. ಮೂರನೆಯದು ಚಿತ್ರಗಳನ್ನು ನೋಡಿ, ಸಣ್ಣ ಮೊತ್ತಕ್ಕೆ ಒಪ್ಪಿತು. ಮುಂದೆ ಮಾರುವಾಗ ಬೆಲೆಯೂ ಕಡಿಮೆಯೇ. ರಿಪೇರಿ ಮುಗಿದ ಮೇಲೆ ರಾಜ್ಯದ ಹೆದ್ದಾರಿ ಪೊಲೀಸರು ತಪಾಸಣೆ ಮಾಡಿದರೆ ಹೊಸ ಪತ್ರ ಸಿಗುತ್ತದೆ, ಅದರ ಮೇಲೆ 'ಮರುನಿರ್ಮಿತ' ಎಂಬ ಮೊಹರು ಶಾಶ್ವತವಾಗಿ ಇರುತ್ತದೆ. ಆ ಪೊಲೀಸರು ಮುಖ್ಯವಾಗಿ ನೋಡುವುದು ಗುರುತಿನ ಸಂಖ್ಯೆ ಮತ್ತು ರಸೀದಿಗಳನ್ನು, ಕದ್ದ ಮಾಲು ಸೇರಿಸಿಲ್ಲ ತಾನೇ ಎಂದು. ಚಾವಣಿ ಸೋರುತ್ತದೆಯೇ, ಬ್ರೇಕು ಹಿಡಿಯುತ್ತದೆಯೇ ಎಂಬುದು ನಮ್ಮ ಜವಾಬ್ದಾರಿ. ತಪಾಸಣೆಗೆ ಬಂದ ಅಧಿಕಾರಿ ನನ್ನ ರಸೀದಿ ಪುಸ್ತಕ ತಿರುವಿಹಾಕಿ, ಇಷ್ಟು ಅಚ್ಚುಕಟ್ಟು ಅಪರೂಪ ಎಂದರು. ಮೊಮ್ಮಗ ಇದನ್ನು ಮನೆಯಲ್ಲಿ ಹತ್ತು ಸಲ ಹೇಳಿದ.

ಸೆಪ್ಟೆಂಬರ್ ಕೊನೆಯ ವಾರಾಂತ್ಯದಲ್ಲಿ ಹಾಕಿಂಗ್ ಹಿಲ್ಸ್ ಎಂಬ ಕಾಡಿಗೆ ಹೋದೆವು. ಕೊಲಂಬಸಿನಿಂದ ಒಂದು ಗಂಟೆ ಚಿಲ್ಲರೆಯ ದಾರಿ. ಮರಳುಗಲ್ಲಿನ ಬಂಡೆಗಳು, ಕಮರಿಗಳು, ಜಲಪಾತಗಳು. ಆಶ್ ಕೇವ್ ಎಂಬ ಗುಹೆ 700 ಅಡಿ ಅಗಲವಾಗಿ ಬಾಯಿ ತೆರೆದಿದೆ, ನಮ್ಮೂರ ಜಾತ್ರೆಯೇ ಅದರೊಳಗೆ ಕೂರಬಹುದು. ಇನ್ನೊಂದರ ಹೆಸರು ಓಲ್ಡ್ ಮ್ಯಾನ್ಸ್ ಕೇವ್, ಮುದುಕನ ಗುಹೆ. "ತಾತ, ನಿಮ್ಮ ಮನೆ ಬಂತು" ಎಂದು ಮೊಮ್ಮಕ್ಕಳಿಬ್ಬರೂ ನಕ್ಕರು.

ಎರಡನೆಯ ರಾತ್ರಿ ಮಳೆ ಹಿಡಿಯಿತು. ತಗಡಿನ ಮೇಲೆ ಕಡಲೆ ಸುರಿದಂಥ ಸದ್ದು. ಎಲ್ಲರಿಗೂ ಎಚ್ಚರವಾಗಿತ್ತು, ಯಾರೂ ಮಾತಾಡಲಿಲ್ಲ. ಅಳಿಯಂದಿರು ಟಾರ್ಚ್ ಹಿಡಿದು ಆ ಎಡಮೂಲೆಯನ್ನೇ ನೋಡುತ್ತಿದ್ದರು. ಅದರ ಕೆಳಗಿನ ಮಂಚದಲ್ಲಿ ಮೊಮ್ಮಗಳು ಅಜ್ಜಿಯ ಮಗ್ಗುಲಲ್ಲಿ ಮಲಗಿದ್ದಳು. ಬಹಳ ಹೊತ್ತಾದ ಮೇಲೆ ನನ್ನ ಹೆಂಡತಿ ಕೈಯೆತ್ತಿ ಚಾವಣಿಯನ್ನು ಸವರಿ ನೋಡಿದಳು. "ಒಣಗಿದೆ, ಮಲಗಿ ಎಲ್ಲ" ಎಂದಳು. ಮೊಮ್ಮಗಳು ಇಡೀ ರಾತ್ರಿ ಒಮ್ಮೆಯೂ ಕೆಮ್ಮಲಿಲ್ಲ.

ಊರಿಗೆ ಹೊರಡುವ ಮುನ್ನ ಆ ಹಿರಿಯರ ಫೈಲಿಗೆ ನಮ್ಮ ರಸೀದಿಗಳು, ಚಿತ್ರಗಳು, ಹೊಸ ಪತ್ರದ ಪ್ರತಿ ಎಲ್ಲ ಸೇರಿಸಿ, ಪುಟಸಂಖ್ಯೆ ಹಾಕಿ ಮೊಮ್ಮಗನ ಕೈಗೆ ಕೊಟ್ಟೆ. "ಗಾಡಿ ರಿಪೇರಿ ಆಯ್ತಲ್ಲ ತಾತ, ಇನ್ನು ಮುರಿದ ಚಿತ್ರಗಳು ಯಾಕೆ?" ಎಂದ. ಮುಂದೊಂದು ದಿನ ನೀವು ಇದನ್ನು ಮಾರುವಾಗ ಕೊಳ್ಳುವವರ ಮನೆಯಲ್ಲೂ ಮಕ್ಕಳಿರುತ್ತಾರೆ, ಮೊದಲು ಆ ಚಿತ್ರಗಳನ್ನೇ ತೋರಿಸು ಎಂದೆ. ಅವನು ಫೈಲಿನ ಮೇಲೆ ಕನ್ನಡದಲ್ಲಿ 'ನಮ್ಮ ಗಾಲಿಮನೆ' ಎಂದು ಬರೆದ. 'ಗಾ'ದ ದೀರ್ಘ ಮರೆತಿದ್ದ. ತಿದ್ದಿಸಿದೆ.